ಲಕೋಟಾ ಮಗು ಲಕೋಟಾ ಬಳಗದಲ್ಲೇ ಬೆಳೆಯಬೇಕೇ?

ಅಮೆರಿಕದ ಮೂಲನಿವಾಸಿ ಮಗುವನ್ನು ಹೆತ್ತವರಿಂದ ಬೇರ್ಪಡಿಸಬೇಕಾಗಿ ಬಂದರೆ ಅದನ್ನು ಮೊದಲು ಬಂಧುಗಳಿಗೆ, ಆಮೇಲೆ ಅದೇ ಬುಡಕಟ್ಟಿನವರಿಗೆ, ಕೊನೆಗೆ ಬೇರೆ ಯಾವುದಾದರೂ ಬುಡಕಟ್ಟಿನ ಕುಟುಂಬಕ್ಕೆ ಕೊಡಬೇಕೆಂದು 1978ರ ಇಂಡಿಯನ್ ಚೈಲ್ಡ್ ವೆಲ್ಫೇರ್ ಆಕ್ಟ್ ಹೇಳುತ್ತದೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಈ ಕಾನೂನನ್ನು ಎತ್ತಿಹಿಡಿಯಿತು. ಈ ಕಾನೂನಿನ ಬೇರು ಇರುವುದು ಸೂ ಜನರ ನಾಡಿನಲ್ಲಿ. ಲಕೋಟಾ, ಡಕೋಟಾ ಎಂಬವರೆಲ್ಲ ಈ ಸೂ ಜನರೇ. ಅಂಥ ಕಾನೂನು ಬೇಕೇ, ಬೇಡವೇ?

ಪರ: ದೊಡ್ಡಮ್ಮ ಇದ್ದ ಮೇಲೆ ಮಗು ಅನಾಥ ಹೇಗಾಗುತ್ತದೆ?

1871ರಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ಅಮೆರಿಕದ ವಕೀಲರೊಬ್ಬರು ಜಗತ್ತಿನ ನಾನಾ ಜನರ ನೆಂಟಸ್ತಿಕೆಯ ಲೆಕ್ಕಾಚಾರವನ್ನೆಲ್ಲ ಕಲೆಹಾಕಿ ಭಾರೀ ಕೋಷ್ಟಕವೊಂದನ್ನು ಅಚ್ಚುಹಾಕಿಸಿದರು. ಮಿಸೌರಿ ನದಿಯ ಬಯಲಿನ ಡಕೋಟಾ ಜನರ ಲೆಕ್ಕ ಅದರಲ್ಲಿದೆ. ತಮಿಳು, ತೆಲುಗಿನ ಜೊತೆ ನಮ್ಮ ಕನ್ನಡವೂ ಇದೆ. ಎರಡನ್ನೂ ಹೋಲಿಸಿ ನೋಡಿದರೆ ಕನ್ನಡದವರಿಗೆ ನಗು ಬರುತ್ತದೆ, ಅಷ್ಟು ಪರಿಚಿತ. ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರೇ, ಅವ್ವನ ಅಕ್ಕತಂಗಿಯರು ಅವ್ವಂದಿರೇ. ಅವರ ಮಕ್ಕಳು ನಮಗೆ ಅಣ್ಣ, ಅಕ್ಕ, ತಮ್ಮ, ತಂಗಿ. ಸೋದರಮಾವ, ಸೋದರತ್ತೆಯರದು ಮಾತ್ರ ಬೇರೆ ಸಾಲು. (ಆ ಸಾಲಿನಿಂದ ಹೆಣ್ಣು ತರುವ ನಮ್ಮ ಪದ್ಧತಿ ಕೇಳಿದರೆ ಮಾತ್ರ ಲಕೋಟಾ ಅಜ್ಜಿ ಹೌಹಾರಿಯಾಳು. ಅವರಲ್ಲಿ ಅದು ಕೂಡದು.)

ಆದ್ದರಿಂದ ಲಕೋಟಾ ಕೂಸಿಗೆ ಹುಟ್ಟುವಾಗಲೇ ನಾಲ್ಕಾರು ತಾಯಂದಿರು, ನಾಲ್ಕಾರು ತಂದೆಯರು. ಈ ಬಳಗಕ್ಕೆ ಅವರು ‘ತಿಯೋಶ್ಪಾಯೆ’ ಎನ್ನುತ್ತಾರೆ. ಹಳೆಯ ಕಾಲದಲ್ಲಿ ಒಟ್ಟಿಗೆ ಬೀಡುಬಿಟ್ಟು, ಒಟ್ಟಿಗೆ ಬೈಸನ್ ಬೇಟೆಗೆ ಹೋಗಿ, ಮಾಂಸ ಹಂಚಿಕೊಂಡು ತಿನ್ನುತ್ತಿದ್ದ ಗುಂಪು ಅದು. ಗುಡಾರ ಹೆಂಗಸಿನ ಸ್ವತ್ತು, ಗಂಡನದಲ್ಲ. ಅಳಿಯ ಅತ್ತೆಯ ಮುಖ ನೋಡಿ ಮಾತಾಡುವಂತಿರಲಿಲ್ಲ. ಅದು ಸಿಟ್ಟಲ್ಲ, ಗೌರವ. ದೊಡ್ಡವರಾದ ಅಣ್ಣತಂಗಿಯರ ನಡುವೆಯೂ ಅಂಥದೇ ಬಿಗುವು, ಆದರೆ ಅಣ್ಣನ ಮಗುವಿಗೆ ಅತಿ ಚೆಂದದ ತೊಟ್ಟಿಲು ಮಾಡಿಕೊಡುವವಳು ಆ ತಂಗಿಯೇ. ಮೊಮ್ಮಕ್ಕಳನ್ನು ಅಜ್ಜ ಅಜ್ಜಿ ತಮ್ಮಲ್ಲಿಟ್ಟುಕೊಂಡು ಸಾಕುವುದು ಮಾಮೂಲು.

ಕೂಸಿನ ಹೊಕ್ಕುಳಬಳ್ಳಿ ಉದುರಿದ ಮೇಲೆ ಅದನ್ನು ಆಮೆಯ ಅಥವಾ ಹಲ್ಲಿಯ ಆಕಾರದ ತೊಗಲಿನ ಚೀಲದಲ್ಲಿಟ್ಟು ಹೊಲಿಯುತ್ತಾರೆ. ಆಮೆ ಗಟ್ಟಿ ಜೀವ, ಮಗುವೂ ಹಾಗಿರಲಿ ಅಂತ. ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದ ಹೊಸದರಲ್ಲಿ ಅಂಥದೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದೆ. ಅಂಗೈಗಿಂತ ಚಿಕ್ಕದು. ಬೆನ್ನ ತುಂಬ ನೀಲಿ ಬಿಳಿ ಮಣಿ, ಒಂದು ಹಿಂಗಾಲಿನ ಹತ್ತಿರ ಮಣಿಯ ಸಾಲು ಬಿಚ್ಚಿಹೋಗಿ ಒಳಗಿನ ಹೊಲಿಗೆ ಕಾಣುತ್ತಿತ್ತು. ಹೊಲಿದವಳು ಒಂದೊಂದು ಮಣಿಗೂ ಗಂಟು ಹಾಕಿದ್ದಳು. ಈ ಚೀಲ ಮಾಡುವ ಮನೆಗೆ ಮಗು ಸಾಕಲು ಬರುವುದಿಲ್ಲ ಎಂದು ತೀರ್ಪು ಕೊಟ್ಟವರು ಯಾರು?

ಕೊಟ್ಟವರು ಸರ್ಕಾರಿ ಸಮಾಜ ಕಾರ್ಯಕರ್ತರು. ಮಗು ಚಿಕ್ಕಮ್ಮನ ಮನೆಯಲ್ಲಿ ಮಲಗಿದ್ದರೆ ‘ತಾಯಿ ಬಿಟ್ಟುಹೋಗಿದ್ದಾಳೆ’ ಎಂದು ಬರೆದುಕೊಂಡರು. ಮನೆಯೊಳಗೆ ಕಕ್ಕಸಿಲ್ಲ, ಒಂದೇ ಕೋಣೆಯಲ್ಲಿ ಆರು ಜನ ಮಲಗುತ್ತಾರೆ ಎಂದು ಬರೆದುಕೊಂಡರು. 1958ರಿಂದ 1967ರವರೆಗೆ ಸರ್ಕಾರವೇ ಮುಂದೆ ನಿಂತು ಮೂಲನಿವಾಸಿ ಮಕ್ಕಳನ್ನು ಬಿಳಿಯರ ಮನೆಗಳಿಗೆ ದತ್ತು ಕೊಡಿಸುವ ಯೋಜನೆ ನಡೆಸಿತು. ಅದೊಂದರಲ್ಲೇ 395 ಮಕ್ಕಳು ಹೋದರು. ರಾಜ್ಯಗಳ ಇಲಾಖೆಗಳು, ಖಾಸಗಿ ಸಂಸ್ಥೆಗಳು ಕಳಿಸಿದ್ದು ಬೇರೆ. 1970ರ ದಶಕದ ಸಮೀಕ್ಷೆಗಳ ಪ್ರಕಾರ ಮೂಲನಿವಾಸಿ ಮಕ್ಕಳಲ್ಲಿ ನೂರಕ್ಕೆ 25ರಿಂದ 35 ಮಂದಿ ತಮ್ಮ ಮನೆಯಲ್ಲಿರಲಿಲ್ಲ. ಮೂರು ಅಥವಾ ನಾಲ್ಕು ಮಕ್ಕಳಲ್ಲಿ ಒಂದು! ಉತ್ತರ ಡಕೋಟಾದ ಡೆವಿಲ್ಸ್ ಲೇಕ್ ಸೂ ಬುಡಕಟ್ಟಿನ ಹೆಂಗಸರು 1968ರ ಸುಮಾರಿಗೆ ಎದ್ದು ನಿಂತು ಗಲಾಟೆ ಮಾಡದಿದ್ದರೆ ಈ ಕಾನೂನೇ ಹುಟ್ಟುತ್ತಿರಲಿಲ್ಲವೇನೋ. ಮೊಮ್ಮಕ್ಕಳಿಗಾಗಿ ಅಜ್ಜಿಯರು ಹೊಡೆದಾಡಿ ತಂದ ಕಾನೂನು ಇದು. ವಕೀಲರು ಬಂದದ್ದು ಆಮೇಲೆ.

ಅದಕ್ಕೂ ಹಿಂದಿನ ಕಥೆ ಇನ್ನೂ ಕೆಟ್ಟದ್ದು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ವಸತಿಶಾಲೆ ತೆರೆದ ಸೇನಾಧಿಕಾರಿ ಪ್ರ್ಯಾಟ್ ಮಕ್ಕಳನ್ನು ತರಲು ಮೊದಲು ಹೋದದ್ದು ರೋಸ್‌ಬಡ್ ಮತ್ತು ಪೈನ್ ರಿಡ್ಜ್ ಎಂಬ ಮೀಸಲು ನೆಲೆಗಳಿಗೆ, ಲಕೋಟಾಗಳ ಬಳಿಗೆ. ಆ ಮೊದಲ ತಂಡದಲ್ಲಿದ್ದ ಲೂಥರ್ ಸ್ಟ್ಯಾಂಡಿಂಗ್ ಬೇರ್‌ಗೆ ‘ಲೂಥರ್’ ಎಂಬ ಹೆಸರು ಬಂದದ್ದು ಹೇಗೆ ಗೊತ್ತೇ? ಬೋರ್ಡಿನ ಮೇಲೆ ಒಂದಷ್ಟು ಗೀಚಿದ್ದರು, ಕೈಗೆ ಕೋಲು ಕೊಟ್ಟು ಒಂದನ್ನು ಮುಟ್ಟು ಎಂದರು. ಓದಲು ಬಾರದ ಹುಡುಗ ಮುಟ್ಟಿದ. ಆಮೇಲೆ ಕೂದಲು ಕತ್ತರಿಸಿದರು. ಲಕೋಟಾಗಳಲ್ಲಿ ಕೂದಲು ಕತ್ತರಿಸಿಕೊಳ್ಳುವುದು ಮನೆಯಲ್ಲಿ ಸಾವಾದಾಗ. ಆ ಶಾಲೆಯ ಸ್ಮಶಾನದಿಂದ ರೋಸ್‌ಬಡ್‌ನ ಒಂಬತ್ತು ಮಕ್ಕಳ ಅಸ್ಥಿ ಊರಿಗೆ ಬಂದದ್ದು 2021ರ ಜುಲೈಯಲ್ಲಿ.

ವೂಂಡೆಡ್ ನೀಯ ಕೂಸಿನ ಕಥೆಯನ್ನೂ ಹೇಳಲೇಬೇಕು. 1890ರ ಡಿಸೆಂಬರ್ 29ರಂದು ಅಮೆರಿಕದ ಸೇನೆ ಅಲ್ಲಿ ಲಕೋಟಾಗಳನ್ನು ಕೊಂದ ಹತ್ಯಾಕಾಂಡ ಮುಗಿದು ದಿನಗಳ ಮೇಲೆ, ಹಿಮದಲ್ಲಿ ಹೆಪ್ಪುಗಟ್ಟಿದ ತಾಯಿಯ ಹೆಣದಡಿ ಒಂದು ಹೆಣ್ಣು ಕೂಸು ಜೀವಂತ ಸಿಕ್ಕಿತು. ಜಿಂಟ್ಕಾಲಾ ನೂನಿ, ಕಳೆದುಹೋದ ಹಕ್ಕಿ, ಎಂದು ಹೆಸರಿಟ್ಟರು. ಅದನ್ನು ಜನರಲ್ ಲಿಯೊನಾರ್ಡ್ ಕೋಲ್ಬಿ ಯುದ್ಧದ ನೆನಪಿನ ವಸ್ತು ತಂದ ಹಾಗೆ ಮನೆಗೆ ತಂದ. ಅವಳು ಬಿಳಿಯರಲ್ಲೂ ಸೇರಲಿಲ್ಲ, ಲಕೋಟಾಗಳ ಬಳಿ ಮರಳಿ ಹೋದಾಗ ಅಲ್ಲೂ ಸೇರಲಾಗಲಿಲ್ಲ. 1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಮೂವತ್ತು ತುಂಬುವ ಹೊತ್ತಿಗೆ ಸತ್ತಳು. 1991ರಲ್ಲಿ ಅವಳ ಅಸ್ಥಿಯನ್ನು ವೂಂಡೆಡ್ ನೀಗೆ ತಂದು ಮಣ್ಣು ಮಾಡಿದವರು ಅವಳ ಜನರೇ.

ನನಗೆ ಈ ವಿಷಯದಲ್ಲಿ ಇಷ್ಟು ಬಿಸಿ ಏಕೆ ಎಂದು ಗೆಳತಿಯೊಬ್ಬಳು ಕೇಳಿದಳು. ಕಾರಣ ಇದೆ. ನಾನು ಬೆಳೆದದ್ದು ಹೊಸನಗರದ ಕಡೆ ದೊಡ್ಡಮ್ಮನ ಮನೆಯಲ್ಲಿ. ಅಮ್ಮ ಬಾಣಂತಿ ಸನ್ನಿಯಲ್ಲಿ ಹೋದ ಮೇಲೆ ಅಪ್ಪನಿಗೆ ಲಾರಿಯೇ ಮನೆ. ದೊಡ್ಡಮ್ಮನಿಗೆ ಆಗಲೇ ಐದು ಮಕ್ಕಳು, ನಾನು ಆರನೆಯವಳು. ಅಡಿಕೆ ಸುಲಿಯುವ ಕಾಲದಲ್ಲಿ ನಾವಿಷ್ಟೂ ಜನ ಜಗಲಿಯ ಮೇಲೆ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವು. ಕತ್ತಿಮಣೆಯ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಪೇಟೆಯ ಒಬ್ಬ ಸ್ಥಿತಿವಂತರು, ಮಕ್ಕಳಿಲ್ಲದವರು, ನನ್ನನ್ನು ದತ್ತು ಕೇಳಿದರು. ಅವರ ಮನೆಯಲ್ಲಿ ಆಗಲೇ ಫ್ರಿಜ್ ಇತ್ತು, ಕಾರಿತ್ತು. ಬಂದ ದಿನ ಬಿಸ್ಕತ್ತಿನ ಡಬ್ಬ ತಂದಿದ್ದರು. ದೊಡ್ಡಮ್ಮ ಕಾಫಿ ಕೊಟ್ಟು, ಉಪಚಾರ ಮಾಡಿ, ‘ನಮ್ಮನೇಲಿ ಕೊಡಾಕೆ ಹೆಚ್ಚಿನ ಮಕ್ಕಳು ಯಾರೂ ಇಲ್ಲ’ ಅಂದಳು. ಆರು ಮಕ್ಕಳು ಬಾಗಿಲ ಸಂದಿಯಿಂದ ಇಣುಕುತ್ತಿದ್ದರು! ಬಿಸ್ಕತ್ತಿನ ಡಬ್ಬವನ್ನೂ ವಾಪಸ್ ಕಳಿಸಿದಳು, ಅದಕ್ಕೆ ನಾವೆಲ್ಲ ಅತ್ತೆವು.

ಹೈಸ್ಕೂಲಿಗೆ ಸೇರಿಸುವಾಗ ಹೆಡ್‌ಮಾಸ್ಟರು ದೊಡ್ಡಪ್ಪನನ್ನು ‘ನೀವು ಹುಡುಗಿಗೆ ಏನಾಗಬೇಕು?’ ಎಂದು ಕೇಳಿದರು. ದೊಡ್ಡಪ್ಪ ಅರ್ಜಿಯಿಂದ ತಲೆಯೆತ್ತದೆ, ‘ಅಪ್ಪ’ ಅಂದರು. ಹೆಡ್‌ಮಾಸ್ಟರು ಮುಂದೆ ಕೇಳಲಿಲ್ಲ. ಅದು ಮಲೆನಾಡಾದ್ದರಿಂದ ನಡೆಯಿತು. 1965ರ ದಕ್ಷಿಣ ಡಕೋಟಾದಲ್ಲಿ ನನ್ನಂಥ ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿಬಿಡುತ್ತಿದ್ದರು.

ಅದೆಲ್ಲ ಹಳೆಯ ಮಾತು ಎನ್ನುವವರಿಗೆ: ದಕ್ಷಿಣ ಡಕೋಟಾದ ಪೆನ್ನಿಂಗ್ಟನ್ ಕೌಂಟಿಯ ಮೇಲೆ ಲಕೋಟಾಗಳ ಒಗ್ಲಾಲಾ ಮತ್ತು ರೋಸ್‌ಬಡ್ ಬುಡಕಟ್ಟುಗಳು ದಾವೆ ಹೂಡಿದ್ದು 2013ರಲ್ಲಿ. ಮಗುವನ್ನು ಕರೆದೊಯ್ದ 48 ಗಂಟೆಯೊಳಗೆ ನಡೆಯಬೇಕಾದ ವಿಚಾರಣೆ ಎಷ್ಟೋ ಸಲ ಐದು ನಿಮಿಷವೂ ನಡೆಯುತ್ತಿರಲಿಲ್ಲ. ತಾಯಿಗೆ ಆರೋಪ ಏನೆಂದು ಹೇಳುವವರಿಲ್ಲ, ಬಾಯಿಬಿಡಲು ಅವಕಾಶವಿಲ್ಲ. 2015ರಲ್ಲಿ ಫೆಡರಲ್ ನ್ಯಾಯಾಧೀಶರು ಇದು ಕಾನೂನಿನ ಉಲ್ಲಂಘನೆ ಎಂದು ಕೌಂಟಿಗೆ ಛೀಮಾರಿ ಹಾಕಿದರು.

ವಿರೋಧ ಬರೆಯುವವರು ‘ಮಗುವಿನ ಹಿತ, ಮಗುವಿನ ಹಿತ’ ಎಂದು ಜಪಮಾಡುತ್ತಾರೆ, ನನಗೆ ಗೊತ್ತು. ಅವರ ಬಾಯಲ್ಲಿ ಹಿತವೆಂದರೆ ಮಗುವಿಗೊಂದು ಬೇರೆ ಕೋಣೆ, ಪಿಯಾನೋ ಪಾಠ, ಹಿತ್ತಲಲ್ಲಿ ಉಯ್ಯಾಲೆ. ಬಂಧುಗಳಲ್ಲಿ ಕುಡುಕರಿಲ್ಲವೇ, ಹೊಡೆಯುವವರಿಲ್ಲವೇ ಎಂದೂ ಕೇಳುತ್ತಾರೆ. ಇದ್ದಾರೆ. ಬಿಳಿಯ ಸಾಕುತಂದೆಯರಲ್ಲಿ ಇಲ್ಲವೇ? ಬಲವಾದ ಕಾರಣವಿದ್ದರೆ ಈ ಕ್ರಮ ಬಿಟ್ಟು ಬೇರೆ ಕಡೆ ಕೊಡಲು ಕೋರ್ಟಿಗೆ ಅಧಿಕಾರವನ್ನು ಕಾನೂನೇ ಕೊಟ್ಟಿದೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಕಾನೂನು ಕೇಳುವುದು ಇಷ್ಟೇ: ಮಗುವನ್ನು ಹೊರಗೆ ಕಳಿಸುವ ಮುಂಚೆ ಅದರ ದೊಡ್ಡಮ್ಮನ ಮನೆ ಬಾಗಿಲು ತಟ್ಟಿ. ತಟ್ಟದೆ ಹೋಗುವ ಅಧಿಕಾರಿಗೆ ಆ ಮಗುವಿನ ಹಿತದ ಬಗ್ಗೆ ಮಾತಾಡಲು ಬಾಯಿಲ್ಲ.

ವಿರೋಧ: ಮಗುವನ್ನೂ ಒಂದು ಮಾತು ಕೇಳಿ

ಪರ ಬರೆಯಲು ಒಬ್ಬರು ಸಿಕ್ಕಿದ್ದಾರೆ, ನೀವು ವಿರೋಧ ಬರೆದುಕೊಡಿ ಎಂದು ಸಂಪಾದಕರು ಹೇಳಿದರು. ಕುಟುಂಬ ಕಾನೂನು ಪಾಠ ಮಾಡಿ ನಿವೃತ್ತನಾದವನು ನಾನು. ಯಾವ ಕಡೆಗೂ ವಾದ ಮಾಡುವುದು ಅಭ್ಯಾಸವಾಗಿದೆ. ಲಕೋಟಾಗಳಿಗೆ ಆದ ಅನ್ಯಾಯವನ್ನು ನಾನು ಅಲ್ಲಗಳೆಯುವುದಿಲ್ಲ, ಯಾರೂ ಅಲ್ಲಗಳೆಯಲಾರರು. ಕಾರ್ಲೈಲ್, ವೂಂಡೆಡ್ ನೀ ಎಲ್ಲವೂ ನಿಜ. ಆದರೆ ಹಿಂದೆ ಒಂದು ಮಗುವಿಗೆ ಆದ ಅನ್ಯಾಯಕ್ಕೆ ಇಂದಿನ ಇನ್ನೊಂದು ಮಗು ಪರಿಹಾರ ಕೊಡಬೇಕೇ ಎಂಬುದು ಕಾನೂನಿನ ಪ್ರಶ್ನೆ.

2023ರ ಮೊಕದ್ದಮೆಯನ್ನೇ ನೋಡೋಣ. ಟೆಕ್ಸಸ್‌ನ ಬ್ರಾಕೀನ್ ದಂಪತಿಯ ಮನೆಗೆ ಹತ್ತು ತಿಂಗಳ ಗಂಡುಮಗು ಬಂತು. ತಾಯಿ ನವಾಹೊ, ತಂದೆ ಚೆರೋಕಿ. ಮಗು ಅಲ್ಲೇ ಬೆಳೆಯಿತು. ದತ್ತು ಕೊಡುವ ಹೊತ್ತಿಗೆ ಹೆತ್ತವರೂ ಅಜ್ಜಿಯೂ ಒಪ್ಪಿದರು. ಅಜ್ಜಿಯೂ ಒಪ್ಪಿದಳು ಎಂಬುದನ್ನು ಅಜ್ಜಿಯರ ಕಾನೂನು ಎನ್ನುವವರು ಗಮನಿಸಬೇಕು. ಆದರೂ ಬುಡಕಟ್ಟು ಮಗುವನ್ನು ನ್ಯೂ ಮೆಕ್ಸಿಕೋದಲ್ಲಿ ಅದು ಕಂಡೇ ಇರದ, ನೆಂಟರೂ ಅಲ್ಲದ ಮನೆಯೊಂದಕ್ಕೆ ಕಳಿಸಲು ಹೊರಟಿತು. ಇವರು ಸೂ ಅಲ್ಲ, ನಿಜ. ಆದರೆ ಕಾನೂನು ಒಂದೇ, ನಾಳೆ ಲಕೋಟಾ ಮಗುವಿಗೂ ಇದೇ ನಡೆಯುತ್ತದೆ. ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು ಎಂದು ಸಂಭ್ರಮಿಸುವವರು ಇನ್ನೊಂದು ವಿಷಯ ಮರೆಯುತ್ತಾರೆ. ಮೂಲನಿವಾಸಿ ಹೌದೋ ಅಲ್ಲವೋ ಎಂದು ನೋಡಿ ಮಕ್ಕಳನ್ನೂ ದತ್ತು ಕೇಳುವವರನ್ನೂ ಬೇರೆ ಬೇರೆಯಾಗಿ ಕಾಣಬಹುದೇ ಎಂಬ ಸಮಾನತೆಯ ಪ್ರಶ್ನೆಗೆ ಕೋರ್ಟ್ ಉತ್ತರವನ್ನೇ ಕೊಟ್ಟಿಲ್ಲ. ಅದನ್ನು ಎತ್ತಲು ಅರ್ಜಿದಾರರಿಗೆ ಅರ್ಹತೆ ಇಲ್ಲ ಎಂದು ಬದಿಗಿಟ್ಟಿತು. ಆ ಪ್ರಶ್ನೆ ಗಂಭೀರವಾದದ್ದೆಂದು ಬಹುಮತದ ಕಡೆಯೇ ಇದ್ದ ನ್ಯಾಯಮೂರ್ತಿ ಕವನಾ ಪ್ರತ್ಯೇಕವಾಗಿ ಬರೆದರು. ಪೆನ್ನಿಂಗ್ಟನ್ ಕೌಂಟಿಯ ತೀರ್ಪನ್ನೂ 2018ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಫೆಡರಲ್ ಕೋರ್ಟ್ ಇದರಲ್ಲಿ ಕೈಹಾಕಬಾರದಿತ್ತು ಎಂಬ ತಾಂತ್ರಿಕ ಕಾರಣಕ್ಕೆ ರದ್ದಾಯಿತು, ಒಪ್ಪುತ್ತೇನೆ. ಆದರೂ ರದ್ದಾಯಿತು.

ಪರದವರ ವಾದ ಕೊನೆಗೆ ಬಂದು ನಿಲ್ಲುವುದು ರಕ್ತಕ್ಕೆ. ಲಕೋಟಾಗಳೇ ರಕ್ತಕ್ಕೆ ಅಷ್ಟು ಬೆಲೆ ಕೊಟ್ಟವರಲ್ಲ. ಅವರ ಏಳು ಪವಿತ್ರ ವಿಧಿಗಳಲ್ಲಿ ‘ಹುಂಕಾ’ ಒಂದು. ಹೊರಗಿನವರನ್ನು ಬಂಧುವಾಗಿ ಮಾಡಿಕೊಳ್ಳುವ ವಿಧಿ ಅದು. ಮುಖಕ್ಕೆ ಕೆಂಪು ಬಳಿದು, ಕೂದಲಿಗೆ ಗರಿ ಕಟ್ಟಿದ ಮೇಲೆ ಆ ಸಂಬಂಧ ಒಡಹುಟ್ಟಿದವರದಕ್ಕಿಂತ ಗಟ್ಟಿ ಎಂದು ನಂಬುತ್ತಾರೆ. ಹುಂಕ್‌ಪಾಪಾ ಎಂಬ ಲಕೋಟಾ ಪಂಗಡದ ನಾಯಕ ಸಿಟ್ಟಿಂಗ್ ಬುಲ್ ಶತ್ರುಪಾಳೆಯದ ಅಸಿನಿಬೋಯ್ನ್ ಹುಡುಗನೊಬ್ಬನನ್ನು ಕೊಲ್ಲದೆ ಉಳಿಸಿ ತಮ್ಮನನ್ನಾಗಿ ಮಾಡಿಕೊಂಡ. ಆ ಹುಡುಗ ದೊಡ್ಡವನಾಗಿ ಜಂಪಿಂಗ್ ಬುಲ್ ಎಂಬ ಹೆಸರು ಪಡೆದ. 1890ರ ಡಿಸೆಂಬರ್ 15ರಂದು ಪೊಲೀಸರು ಸಿಟ್ಟಿಂಗ್ ಬುಲ್‌ನನ್ನು ಕೊಂದಾಗ ಅಣ್ಣನ ಜೊತೆಗೇ ನಿಂತು ಸತ್ತ. ಸಂಬಂಧವನ್ನು ಹೀಗೆ ಕಟ್ಟಬಲ್ಲ ಜನರ ಮಗುವಿಗೆ, ಬಿಳಿಯ ತಾಯಿ ತಾಯಿಯಾಗಲಾರಳು ಎಂದು ವಾಷಿಂಗ್ಟನ್‌ನಲ್ಲಿ ಕೂತು ಬರೆದದ್ದು ಯಾವ ಸಂಪ್ರದಾಯ? ಕಳೆದುಹೋದ ಹಕ್ಕಿಯ ಕಥೆಯನ್ನೂ ಅರ್ಧಕ್ಕೆ ಹೇಳುತ್ತಾರೆ. ಜನರಲ್ ಕೋಲ್ಬಿ ಮನೆಬಿಟ್ಟು ಬೇರೆ ಹೆಂಗಸಿನ ಹಿಂದೆ ಹೋದ. ಮಗುವನ್ನು ಒಂಟಿಯಾಗಿ, ಕೈಯಲ್ಲಿ ಕಾಸಿಲ್ಲದೆ ಸಾಕಿದವಳು ಅವನ ಹೆಂಡತಿ ಕ್ಲಾರಾ, ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದವಳು. ಅವಳ ಹೆಸರು ಪರದವರ ಬಾಯಲ್ಲಿ ಬರುವುದೇ ಇಲ್ಲ.

ಇನ್ನು ನಿಜವಾದ ಕಷ್ಟ. ಈ ಕಾನೂನಿಗಾಗಿ ಮೊದಲು ಹೋರಾಡಿದ ಡೆವಿಲ್ಸ್ ಲೇಕ್ ಸೂ ಬುಡಕಟ್ಟಿಗೆ ಈಗ ಸ್ಪಿರಿಟ್ ಲೇಕ್ ಎಂದು ಹೆಸರು. ಅಲ್ಲಿ 2012ರ ಹೊತ್ತಿಗೆ ಮಕ್ಕಳ ರಕ್ಷಣೆಯ ವ್ಯವಸ್ಥೆ ಎಷ್ಟು ಕುಸಿದಿತ್ತೆಂದರೆ, ಅಪಾಯವಿದ್ದ ಮನೆಗಳಲ್ಲೇ ಮಕ್ಕಳನ್ನು ಇಡಲಾಗಿತ್ತು, ಮಕ್ಕಳ ಸಾವುಗಳಾದವು. ಆ ವರ್ಷದ ಅಕ್ಟೋಬರಿನಲ್ಲಿ ಫೆಡರಲ್ ಸರ್ಕಾರದ ಬ್ಯೂರೋ ಆಫ್ ಇಂಡಿಯನ್ ಅಫೇರ್ಸ್ ಆ ಕೆಲಸವನ್ನು ಬುಡಕಟ್ಟಿನ ಕೈಯಿಂದ ತಾನೇ ವಹಿಸಿಕೊಳ್ಳಬೇಕಾಯಿತು. ಬಡತನ, ಕುಡಿತ, ಮನೆಗಳ ಕೊರತೆ ಇವಕ್ಕೆಲ್ಲ ಬುಡಕಟ್ಟು ಕಾರಣವಲ್ಲ. ಪೈನ್ ರಿಡ್ಜ್‌ನಲ್ಲಿ ಮದ್ಯ ನಿಷೇಧವಿತ್ತು. ಗಡಿ ದಾಟಿದರೆ ನೆಬ್ರಾಸ್ಕಾದ ವೈಟ್‌ಕ್ಲೇಯಲ್ಲಿ, ಹತ್ತು ಹದಿನೈದು ಜನರ ಊರಿನಲ್ಲಿ, ನಾಲ್ಕು ಬಿಯರ್ ಅಂಗಡಿಗಳು ವರ್ಷಕ್ಕೆ ಲಕ್ಷಗಟ್ಟಲೆ ಕ್ಯಾನ್ ಮಾರುತ್ತಿದ್ದವು, 2017ರವರೆಗೆ. ಅವುಗಳ ಪರವಾನಗಿ ಕೊಟ್ಟದ್ದು ಬಿಳಿಯರ ರಾಜ್ಯ. ಅಂಥ ಕಡೆ ಬೀಳುವ ಮಗುವಿಗೆ ಯಾರ ತಪ್ಪು ಎಂಬ ತೀರ್ಪಿನಿಂದ ಆಗಬೇಕಾದದ್ದೇನು? ಬಲವಾದ ಕಾರಣವಿದ್ದರೆ ಬೇರೆ ಕಡೆ ಕೊಡಬಹುದಲ್ಲ ಎನ್ನುತ್ತಾರೆ. ಆ ಕಾರಣ ಸಾಬೀತಾಗುವ ಹೊತ್ತಿಗೆ ಮಗು ಶಾಲೆಗೆ ಹೋಗುತ್ತಿರುತ್ತದೆ.

ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ನಾನು ಕಂಡ ಒಂದು ಪ್ರಕರಣ. ಹುಡುಗನಿಗೆ ಒಂಬತ್ತು ವರ್ಷ. ಅಜ್ಜನ ಮನೆಯವರು ಒಂದು ಕಡೆ, ಸಾಕಿದ ಶಿಕ್ಷಕಿ ಇನ್ನೊಂದು ಕಡೆ. ಎರಡು ಗಂಟೆ ವಾದ ನಡೆಯಿತು. ಹುಡುಗ ಬೆಂಚಿನ ಮೇಲೆ ಕೂತು ಚಪ್ಪಲಿಯ ಉಂಗುಷ್ಠ ಕಿತ್ತು ಮತ್ತೆ ತೂರಿಸುತ್ತಿದ್ದ. ಕೊನೆಗೆ ನ್ಯಾಯಾಧೀಶೆ ಅವನನ್ನು ಒಳಗೆ ಕರೆದು ಕೇಳಿದರು. ‘ಟೀಚರ್ ಮನೇಲಿರ್ತೀನಿ, ಹಬ್ಬಕ್ಕೆ ಅಜ್ಜನ ಮನೆಗೆ ಹೋಗ್ತೀನಿ’ ಅಂದನಂತೆ. ದೊಡ್ಡವರಿಗೆ ಹೊಳೆಯದ ಏರ್ಪಾಡು. ಅಮೆರಿಕದಲ್ಲೂ ಹಾಗೆ ಆಗಬಹುದು: ಬೇರೆ ಮನೆಯಲ್ಲಿ ಬೆಳೆದ ಲಕೋಟಾ ಮಗು ಬೇಸಿಗೆಗೆ ಬಳಗಕ್ಕೆ ಹೋಗಿ ಬರಲಿ, ಭಾಷೆ ಕಲಿಯಲಿ, ಸನ್ ಡ್ಯಾನ್ಸ್ ಎಂಬ ಅವರ ಪವಿತ್ರ ಕುಣಿತ ನೋಡಲಿ.

ಪರ ಬರೆದವರ ಲೇಖನದ ಕರಡನ್ನು ಸಂಪಾದಕರು ತೋರಿಸಿದರು. ಅವರ ದೊಡ್ಡಮ್ಮನ ಮುಂದೆ ನಾನು ಏನು ವಾದ ಮಾಡಲಿ? ಆಕೆ ಗೆದ್ದರು. ಆದರೆ ಎಲ್ಲ ಮಕ್ಕಳಿಗೂ ಅಂಥ ದೊಡ್ಡಮ್ಮ ಇರುವುದಿಲ್ಲ, ಮತ್ತು ಕಾನೂನು ಬರೆಯುವುದು ಇಲ್ಲದವರಿಗಾಗಿ. ಬಂಧುಗಳಿಗೆ ಮೊದಲ ಹಕ್ಕು ಎಂಬ ಮಾತಿಗೆ ನನ್ನ ತಕರಾರಿಲ್ಲ. ಆಮೇಲೆ ಅದೇ ಬುಡಕಟ್ಟಿಗೆ ಎಂಬ ಎರಡನೆಯದನ್ನೂ ನುಂಗಿಕೊಳ್ಳಬಲ್ಲೆ. ಲಕೋಟಾ ಮಗುವಿಗೆ ಲಕೋಟಾ ಮನೆ ಸಿಗದಿದ್ದರೆ ಸಾವಿರ ಮೈಲಿಯಾಚೆಯ, ಭಾಷೆ ಬೇರೆ ದೇವರು ಬೇರೆ ಇರುವ ಇನ್ನಾವುದೋ ಬುಡಕಟ್ಟಿನ ಮನೆಯಾದರೂ ಆದೀತು, ಸಾಕಿದ ಮನೆ ಮಾತ್ರ ಆಗದು ಎನ್ನುವ ಮೂರನೇ ಮೆಟ್ಟಿಲಿಗೆ ಯಾವ ತಿಯೋಶ್ಪಾಯೆಯ ಆಧಾರವೂ ಇಲ್ಲ. ಅದೊಂದನ್ನು ತೆಗೆದುಹಾಕಿದರೆ, ಸಂಪಾದಕರ ಕ್ಷಮೆ ಕೋರಿ, ನಾನು ಈ ಕಡೆಯಿಂದ ಎದ್ದು ಆ ಕಡೆ ಕೂರಲು ಸಿದ್ಧ.